ಲೆದರ್ ಜಾಕೆಟ್‌ನ ಬೆಲ್ಟು, ಪಕ್ಕದ ಪಟ್ಟಿ: ಬೈಕಿನ ಮೇಲೆ ಕೂತು ನೋಡಿ ಕೊಳ್ಳಿ

ಕಳೆದ ಡಿಸೆಂಬರ್‌ನಲ್ಲಿ ಗೆಳೆಯನೊಬ್ಬನ ಜತೆ ಮಂಗಳೂರಿಗೆ ಲೆದರ್ ಜಾಕೆಟ್ ಕೊಳ್ಳಲು ಹೋಗಿದ್ದೆ. ಅವನು ಕನ್ನಡಿ ಮುಂದೆ ನಿಂತು ಹೊಟ್ಟೆ ಒಳಗೆ ಎಳೆದುಕೊಂಡ. ಅಂಗಡಿಯವರು ಎರಡೂ ಪಕ್ಕದ ಪಟ್ಟಿಗಳನ್ನು ಕೊನೆಯ ತೂತಿಗೆ ಬಿಗಿದರು. ನೋಡಲು ಚೆನ್ನಾಗಿಯೇ ಇತ್ತು, ದುಡ್ಡು ಕೊಟ್ಟು ಹೊರಟೆವು. ಉಡುಪಿ ಕಡೆ ಬರುತ್ತ ಮೂಲ್ಕಿ ದಾಟುವಷ್ಟರಲ್ಲಿ ಅವನು ಬೈಕ್ ಬದಿಗೆ ಹಾಕಿ ಪಟ್ಟಿ ಬಿಚ್ಚಿದ. ಕೂತಾಗ ಹೊಟ್ಟೆಗೆ ಒತ್ತುತ್ತಿತ್ತಂತೆ. ಬಿಚ್ಚಿದ ಮೇಲೆ ಬೆನ್ನ ತುಂಬ ಗಾಳಿ ಸೇರಿ ಜಾಕೆಟ್ ಉಬ್ಬಿತು, ಮೊಣಕೈಯ ಪ್ಯಾಡ್ ಪಕ್ಕಕ್ಕೆ ತಿರುಗಿತು. ಇಂಥದ್ದನ್ನು ನಾನು ನೋಡಿದ್ದು ಅದೇ ಮೊದಲಲ್ಲ. ಬಣ್ಣ, ಕಾಲರ್, ಜಿಪ್ಪು ಎಲ್ಲವನ್ನೂ ಗಂಟೆಗಟ್ಟಲೆ ನೋಡುತ್ತಾರೆ. ಸೊಂಟದ ಬೆಲ್ಟನ್ನೂ ಪಕ್ಕದ ಪಟ್ಟಿಯನ್ನೂ ಮಾತ್ರ ಅಲಂಕಾರ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಅವು ಅಲಂಕಾರಕ್ಕಲ್ಲ. ಕೆಳಗಿನಿಂದ ಗಾಳಿ ನುಗ್ಗದಂತೆ ತಡೆಯುವುದು, ಬಿದ್ದಾಗ ಜಾಕೆಟ್ ಬೆನ್ನ ಮೇಲಕ್ಕೆ ಸರಿಯದಂತೆ ಹಿಡಿಯುವುದು, ಒಳಗಿನ ಪ್ಯಾಡುಗಳನ್ನು ಜಾಗದಲ್ಲಿ ಇಡುವುದು ಅವುಗಳ ಕೆಲಸ. ಅದಕ್ಕೆ ತಕ್ಕ ಹಾಗೆ ಆರಿಸಬೇಕು.

ಹೆಜ್ಜೆ 1: ಮೊದಲು ಭುಜ ನೋಡಿ

ಭುಜದ ಹೊಲಿಗೆ ಭುಜದ ಮೂಳೆಯ ತುದಿಗೆ ಬಂದು ಕೂತಿದೆಯೇ, ಕೈ ಮಡಿಸಿದಾಗ ಪ್ಯಾಡ್ ಮೊಣಕೈಯ ಗಂಟಿನ ಮೇಲೇ ಇದೆಯೇ ನೋಡಿ. ಇಲ್ಲವಾದರೆ ಆ ಜಾಕೆಟ್ ಬಿಡಿ. “ಒಂದು ಸೈಜ್ ದೊಡ್ಡದು ತಗೊಳ್ಳಿ, ಪಕ್ಕದಲ್ಲಿ ಬಿಗಿ ಮಾಡಿದರಾಯ್ತು” ಎಂದು ಯಾರೇ ಹೇಳಿದರೂ ಕೇಳಬೇಡಿ. ಪಕ್ಕದ ಪಟ್ಟಿ ಸೊಂಟವನ್ನಷ್ಟೇ ಬಿಗಿ ಮಾಡುತ್ತದೆ. ಭುಜವನ್ನೂ ತೋಳನ್ನೂ ಚಿಕ್ಕದು ಮಾಡಲು ಅದಕ್ಕೆ ಆಗುವುದಿಲ್ಲ.

ಹೆಜ್ಜೆ 2: ಯಾವ ಬಗೆ ಬೇಕು ಎಂದು ತೀರ್ಮಾನಿಸಿ

ಮುಂದೆ ಬಕಲ್ ಇರುವ ಸೊಂಟದ ಬೆಲ್ಟಿನಿಂದಲೇ ಶುರು ಮಾಡೋಣ, ಎಲ್ಲರ ಕಣ್ಣು ಬೀಳುವುದು ಅದರ ಮೇಲೆಯೇ ಅಲ್ವಾ. ನ್ಯೂಯಾರ್ಕ್‌ನ ಅರ್ವಿಂಗ್ ಶಾಟ್ 1928ರಲ್ಲಿ ಪರ್ಫೆಕ್ಟೊ ಎಂಬ ಹೆಸರಿನಲ್ಲಿ ಜಿಪ್ಪಿನ ಬೈಕ್ ಜಾಕೆಟ್ ಮಾರುಕಟ್ಟೆಗೆ ತಂದರು. ಓರೆ ಜಿಪ್ಪು, ಅಗಲ ಕಾಲರ್, ಸೊಂಟಕ್ಕೆ ಬೆಲ್ಟು ಇರುವ ಜಾಕೆಟ್ ಎಲ್ಲಿ ಕಂಡರೂ ಅದು ಆ ಸಾಲಿನದೇ. ಬೆಲ್ಟ್ ಹಾಕಿದರೆ ಜಾಕೆಟ್‌ನ ಕೆಳಗಿನ ಅಂಚು ಸುತ್ತಲೂ ಒಂದೇ ಸಮನೆ ಮುಚ್ಚಿಕೊಳ್ಳುತ್ತದೆ. ಚಳಿಯ ದೇಶದಲ್ಲಿ ಅದು ದೊಡ್ಡ ಉಪಕಾರ.

ನಮ್ಮಲ್ಲಿ ಅದರಿಂದ ಆಗುವ ತೊಂದರೆಯೇ ಜಾಸ್ತಿ. ಬಕಲ್ ಹೊಕ್ಕುಳಿನ ಕೆಳಗೆ ಬರುತ್ತದೆ, ಅದರ ಎದುರಿಗೇ ಪೆಟ್ರೋಲ್ ಟ್ಯಾಂಕ್. ಬ್ರೇಕ್ ಹಾಕಿ ಮುಂದೆ ಜಾರಿದಾಗ, ಬಗ್ಗಿ ಓಡಿಸುವಾಗ ಲೋಹ ಬಣ್ಣಕ್ಕೆ ತಾಗುತ್ತದೆ. ಪರಿಚಯದವರೊಬ್ಬರ ಬುಲೆಟ್‌ನ ಟ್ಯಾಂಕ್ ಮೇಲೆ ಕೈಯಲ್ಲಿ ಎಳೆದ ಚಿನ್ನದ ಬಣ್ಣದ ಗೆರೆಗಳಿದ್ದವು. ಒಂದೇ ಸೀಸನ್ನಿನಲ್ಲಿ ಸೀಟಿನ ಕಡೆ ಅಂಗೈಯಗಲದಷ್ಟು ಗೆರೆ ಅಳಿಸಿಹೋಯಿತು. ಹತ್ತಿರ ಹೋಗಿ ನೋಡಿದರೆ ಅರ್ಧಚಂದ್ರದ ಹಾಗೆ ಸಣ್ಣ ಸಣ್ಣ ಗೀರುಗಳು, ಎಲ್ಲವೂ ಬಕಲ್‌ನ ಮೂಲೆಯ ಅಳತೆಯವು. ಅದು ಬೇಡವೆಂದು ಬೆಲ್ಟ್ ಬಿಚ್ಚಿಟ್ಟುಕೊಂಡು ಓಡಿಸಿದರೆ ತುದಿ ಎರಡೂ ಕಡೆ ಜೋತಾಡಿ ಸೈಡ್ ಪ್ಯಾನೆಲ್‌ಗೆ ಹೊಡೆಯುತ್ತದೆ. ಬೆಲ್ಟ್ ಇರುವ ಜಾಕೆಟ್ಟೇ ಬೇಕೆಂದಿದ್ದರೆ, ಲೂಪಿನಿಂದ ಪೂರ್ತಿ ಹೊರಗೆ ತೆಗೆಯಲು ಬರುವಂಥದ್ದನ್ನು ತೆಗೆದುಕೊಳ್ಳಿ. ಓಡಿಸುವಾಗ ಅದನ್ನು ಮನೆಯಲ್ಲೇ ಬಿಡಿ. ಬೆಲ್ಟನ್ನು ಹಿಂದೆ ತಿರುಗಿಸಿ ಬೆನ್ನ ಮೇಲೆ ಬಕಲ್ ಹಾಕುವವರನ್ನೂ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬೆನ್ನುಮೂಳೆಯ ಮೇಲೆ ಲೋಹದ ತುಂಡು ಇಟ್ಟುಕೊಂಡು ರಸ್ತೆಗೆ ಇಳಿಯಬಾರದು.

ಪಕ್ಕದ ಲೇಸ್ ನೋಡಲು ಚೆಂದ. ಸೊಂಟದಿಂದ ಕಂಕುಳಿನ ಕಡೆಗೆ ತೂತುಗಳ ಸಾಲು, ಶೂ ಲೇಸಿನ ಹಾಗೆ ಹೆಣೆದಿರುತ್ತಾರೆ. ಒತ್ತಡ ಒಂದೇ ಕಡೆ ಬೀಳದೆ ಉದ್ದಕ್ಕೂ ಹಂಚಿಹೋಗುತ್ತದೆ, ಒಳಗೆ ಸ್ವೆಟರ್ ಹಾಕಿದರೂ ಜಾಗ ಸಿಗುತ್ತದೆ. ಆದರೆ ದಾರಿಯಲ್ಲಿ ನಿಂತು ಸರಿಮಾಡಲು ಆಗುವುದಿಲ್ಲ. ಲೇಸಿನ ಹಿಂದೆ ಚರ್ಮದ ಪದರ ಇಲ್ಲದಿದ್ದರೆ ಆ ಸಂದಿಯಿಂದ ಗಾಳಿಯೂ ಮಳೆಯೂ ಒಳಗೆ ಬರುತ್ತವೆ. ಹತ್ತಿಯ ಲೇಸ್ ನಮ್ಮ ಮಳೆಗಾಲದಲ್ಲಿ ಬೇಗ ಲಡ್ಡಾಗುತ್ತದೆ.

ವೆಲ್ಕ್ರೋ ಬೇಡವೇ ಬೇಡ. ಮಲ್ಪೆಯ ಮರಳು, ಬಟ್ಟೆಯ ನೂಲು ಎಲ್ಲ ಅದರಲ್ಲಿ ಕೂತು ಹಿಡಿತ ಹೋಗುತ್ತದೆ. ಒರಟು ಕಡೆ ತಾಗಿದಲ್ಲೆಲ್ಲ ಚರ್ಮ ತರಚುತ್ತದೆ. ಪಕ್ಕದಲ್ಲಿ ಇಲಾಸ್ಟಿಕ್ ಇರುವವು ಮೊದಲ ವರ್ಷ ಹಾಯೆನಿಸುತ್ತವೆ, ಸೆಕೆ ಬೆವರಿಗೆ ಆಮೇಲೆ ಇಲಾಸ್ಟಿಕ್ ಸಡಿಲವಾಗುತ್ತದೆ. ಅದನ್ನು ಬದಲಿಸಬೇಕೆಂದರೆ ಲೈನಿಂಗ್ ಬಿಚ್ಚಬೇಕು.

ಉಳಿದದ್ದು ಎರಡು: ಪ್ರೆಸ್ ಬಟನ್ ಇರುವ ಪಟ್ಟಿ, ಸಣ್ಣ ಬಕಲ್ ಇರುವ ಪಟ್ಟಿ. ನನ್ನ ಆಯ್ಕೆ ಪ್ರೆಸ್ ಬಟನ್‌ನದು, ಪಟ್ಟಿಯ ಮೇಲೆ ಎರಡು ಇಲ್ಲವೇ ಮೂರು ಬಟನ್ ಇರಬೇಕು. ಕಾರಣ ಹೇಳುತ್ತೇನೆ. ಚಳಿಗಾಲದ ಬೆಳಿಗ್ಗೆ ಹೆಬ್ರಿಯಿಂದ ಆಗುಂಬೆಗೆ ಹೊರಟರೆ ಘಾಟಿಯ ಬುಡದ ಸೋಮೇಶ್ವರದವರೆಗೆ ಜಾಕೆಟ್ ಸಡಿಲ ಇರಬೇಕು. ಹದಿನಾಲ್ಕು ತಿರುವು ಹತ್ತಿ ಮೇಲೆ ಹೋದರೆ ಮಂಜು, ಚಳಿ. ಆಗ ಗ್ಲೌಸ್ ಹಾಕಿದ ಒಂದೇ ಕೈಯಲ್ಲಿ ಟಕ್ ಎಂದು ಒಂದು ಬಟನ್ ಬಿಗಿ ಮಾಡಲು ಬರಬೇಕು. ಸಣ್ಣ ಬಕಲ್‌ನ ಮುಳ್ಳನ್ನು ಗ್ಲೌಸ್ ಹಾಕಿಕೊಂಡು ತೂತಿಗೆ ಹಾಕಲು ಪ್ರಯತ್ನಿಸಿ ನೋಡಿ, ಗೊತ್ತಾಗುತ್ತದೆ. ಮುಳ್ಳಿಲ್ಲದೆ ಬರೀ ಜಾರಿಸಿ ಬಿಗಿಮಾಡುವ ಬಕಲ್ ಇನ್ನೂ ಕಷ್ಟ. ಚರ್ಮ ನುಣುಪಾದ ಮೇಲೆ ಅದು ತಾನಾಗಿಯೇ ಜಾರುತ್ತದೆ.

ಹೆಜ್ಜೆ 3: ಲೋಹ, ಹೊಲಿಗೆ ಪರೀಕ್ಷಿಸಿ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರ ಮೇಲೆ ಉಪ್ಪುಗಾಳಿ. ಬೆಂಗಳೂರಿನಲ್ಲಿ ಹತ್ತು ವರ್ಷ ಬಾಳುವ ಬಕಲ್ ಇಲ್ಲಿ ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ, ಫ್ರಿಜ್ ಬಾಗಿಲಿಗೆ ಅಂಟಿಸುವಂಥದ್ದು ಸಾಕು. ಬಕಲ್‌ಗೆ ಗಟ್ಟಿಯಾಗಿ ಹಿಡಿದರೆ ಒಳಗೆ ಕಬ್ಬಿಣ, ಮೇಲೆ ನಿಕ್ಕಲ್ ಲೇಪ ಇರಬಹುದು ಅಷ್ಟೇ. ಚೌಕಟ್ಟಿಗೊಮ್ಮೆ, ಮುಳ್ಳಿಗೊಮ್ಮೆ ಬೇರೆ ಬೇರೆಯಾಗಿ ಹಿಡಿದು ನೋಡಿ. ಚೌಕಟ್ಟು ಹಿತ್ತಾಳೆ, ಮುಳ್ಳು ಕಬ್ಬಿಣ ಆಗಿರುವುದು ಬಹಳ ಉಂಟು. ಅಯಸ್ಕಾಂತ ಹಿಡಿಯಲಿಲ್ಲ ಎಂದ ಮಾತ್ರಕ್ಕೆ ಹಿತ್ತಾಳೆಯೇ ಎಂದು ನಂಬಬೇಡಿ. ಅಗ್ಗದ ಸತುವಿನ ಎರಕಕ್ಕೂ ಅದು ಹಿಡಿಯುವುದಿಲ್ಲ. ಎರಕದ್ದಾದರೆ ಹಿಂಬದಿಯಲ್ಲಿ ಅಚ್ಚಿನ ಗೆರೆ ಎದ್ದು ಕಾಣುತ್ತದೆ, ಕೈಗೆ ಹಗುರ ಅನಿಸುತ್ತದೆ.

ಆಮೇಲೆ ಪಟ್ಟಿ ಜಾಕೆಟ್‌ಗೆ ಸೇರುವ ಜಾಗ ನೋಡಿ. ಚೌಕಾಕಾರದಲ್ಲಿ ಹೊಲಿದು, ನಡುವೆ ಅಡ್ಡಡ್ಡ ಹೊಲಿಗೆ ಹಾಕಿದ್ದರೆ ಒಳ್ಳೆಯದು. ಒಂದೇ ಗೆರೆ ಹೊಲಿಗೆ ಇದ್ದರೆ ಬಿಡಿ. ಹಿಂದೆ ಕೂರುವವರು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ, ನಮ್ಮ ರಸ್ತೆಯ ಹಂಪ್‌ಗಳಲ್ಲಿ ಅವರ ಇಡೀ ಭಾರ ಆ ಪಟ್ಟಿಯ ಮೇಲೆ ಬೀಳುತ್ತದೆ. ಪ್ರೆಸ್ ಬಟನ್ ಆದರೆ ಬಟನ್ನಿನ ಸುತ್ತ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಚರ್ಮ ಹಿಗ್ಗಿ ಬಟನ್ ಒಂಟಿಯಾಗಿ ಅಲ್ಲಾಡಿದರೆ ಒಳಗೆ ಎರಡನೇ ಪದರ ಇಲ್ಲ ಎಂದರ್ಥ. ಒಂದು ದಿನ ಬಟನ್ ತೂತಿನ ಸಮೇತ ಕೈಗೆ ಬರುತ್ತದೆ.

ಇನ್ನೊಂದು ಮಾತು. ಅಂಚುಗಳನ್ನೆಲ್ಲ ಒಳಗೆ ಮಡಿಸಿ ಹೊಲಿದಿರುವುದರಿಂದ ಜಾಕೆಟ್ ನಿಜವಾದ ಚರ್ಮದ್ದೋ ರೆಕ್ಸಿನ್ನೋ ಎಂದು ಮೈಮೇಲೆ ನೋಡಿ ಹೇಳುವುದು ಕಷ್ಟ. ಆದರೆ ಪಟ್ಟಿಯ ತುದಿಯಲ್ಲಿ, ತೂತಿನ ಒಳಗೆ ಕತ್ತರಿಸಿದ ಅಂಚು ಕಾಣುತ್ತದೆ. ಮೊಬೈಲ್ ಟಾರ್ಚ್ ಹಾಕಿ ನೋಡಿ. ಚರ್ಮವಾದರೆ ಒರಟು ನಾರು, ರೆಕ್ಸಿನ್ ಆದರೆ ಮೇಲೆ ಪ್ಲಾಸ್ಟಿಕ್ಕಿನ ತೆಳು ಪೊರೆ, ಕೆಳಗೆ ನೇಯ್ದ ಬಟ್ಟೆ.

ಹೆಜ್ಜೆ 4: ಬೈಕಿನ ಮೇಲೆ ಕೂತು ಅಳತೆ ನೋಡಿ

ಎಲ್ಲರೂ ಎಡವುವುದು ಇಲ್ಲೇ. ಅರ್ಧ ಗಂಟೆ ಹಿಡಿಯಬಹುದು, ಹಿಡಿಯಲಿ. ಅಂಗಡಿಯವರ ಅನುಮತಿ ಕೇಳಿ, ಜಾಕೆಟ್ ಹಾಕಿಕೊಂಡು ಹೊರಗೆ ನಿಲ್ಲಿಸಿರುವ ನಿಮ್ಮದೇ ಬೈಕಿನ ಹತ್ತಿರ ಬನ್ನಿ. ಬಿಡುವುದಿಲ್ಲ ಎಂದರೆ ಬೇರೆ ಅಂಗಡಿ ನೋಡಿ. ದಿನಾ ಓಡಿಸುವಾಗ ಹಾಕುವ ಪ್ಯಾಂಟೇ ಮೈಮೇಲಿರಲಿ.

ಮೊದಲು ಎರಡೂ ಪಕ್ಕದ ಪಟ್ಟಿಗಳನ್ನು ಪೂರ್ತಿ ಬಿಚ್ಚಿ, ಜಿಪ್ ಕತ್ತಿನವರೆಗೆ ಎಳೆಯಿರಿ. ಬೈಕ್ ಮೇಲೆ ಕೂತು ಎರಡೂ ಕೈ ಹ್ಯಾಂಡಲ್ ಮೇಲಿಡಿ, ಎರಡು ನಿಮಿಷ ಹಾಗೇ ಇರಿ. ಕೂತಾಗ ಹೊಟ್ಟೆ ಮುಂದೆ ಬರುತ್ತದೆ, ಬೆನ್ನು ಬಾಗುತ್ತದೆ, ಜಾಕೆಟ್‌ನ ಹಿಂಭಾಗ ಮೇಲೇರುತ್ತದೆ. ನಿಂತು ಬಿಗಿದ ಪಟ್ಟಿ ಕೂತಾಗ ಯಾಕೆ ಕುಯ್ಯುತ್ತದೆ ಎಂಬುದು ಇಲ್ಲಿಯೇ ಗೊತ್ತಾಗುತ್ತದೆ.

ಈಗ ಕೂತಲ್ಲೇ ಪಟ್ಟಿ ಬಿಗಿ ಮಾಡಿ. ಎಡಕ್ಕೆ ಒಂದು ಬಟನ್, ಬಲಕ್ಕೆ ಒಂದು ಬಟನ್, ಹೀಗೆ ಸಮನಾಗಿ ಹೋಗಿ. ಒಂದು ಕಡೆ ಜಾಸ್ತಿ ಎಳೆದರೆ ಮುಂದಿನ ಜಿಪ್ಪು ಓರೆಯಾಗುತ್ತದೆ, ಬೆನ್ನಿನ ಪ್ಯಾಡ್ ಬೆನ್ನುಮೂಳೆಯಿಂದ ಪಕ್ಕಕ್ಕೆ ಹೋಗುತ್ತದೆ. ಬಿಗಿ ಎಷ್ಟಿರಬೇಕು? ಚಪ್ಪಟೆ ಅಂಗೈ ಸ್ವಲ್ಪ ಒತ್ತಿದರೆ ಒಳಗೆ ಹೋಗಬೇಕು, ಮುಷ್ಟಿ ಹೋಗಬಾರದು. ದೀರ್ಘವಾಗಿ ಉಸಿರು ಎಳೆದಾಗ ಪಟ್ಟಿ ನೆನಪಾಗಬಾರದು.

ಪಟ್ಟಿ ಎಷ್ಟನೇ ಬಟನ್‌ಗೆ ಬಂತು ಎಂಬುದನ್ನೂ ನೋಡಿಕೊಳ್ಳಿ. ಹೊಸ ಜಾಕೆಟ್ ಕೊನೆಯ, ಅಂದರೆ ತೀರಾ ಬಿಗಿಯ ಬಟನ್‌ನಲ್ಲಿ ಮಾತ್ರ ಸರಿಹೋದರೆ ಅದು ನಿಮ್ಮ ಅಳತೆಯದ್ದಲ್ಲ. ಚರ್ಮ ಹಾಕುತ್ತ ಹಾಕುತ್ತ ಹಿಗ್ಗುತ್ತದೆ. ಆರು ತಿಂಗಳಾದ ಮೇಲೆ ಬಿಗಿ ಮಾಡಲು ಜಾಗವೇ ಇರುವುದಿಲ್ಲ. ಎರಡೇ ಬಟನ್ ಇದ್ದರೆ ಹೊಸದರಲ್ಲಿ ಸಡಿಲದ ಬಟನ್‌ನಲ್ಲಿ ಸರಿಯಾಗಿ ಕೂರಬೇಕು. ಮೂರಿದ್ದರೆ ನಡುವಿನದರಲ್ಲಿ.

ಆಮೇಲೆ ಜತೆಗೆ ಬಂದವರನ್ನು ಹಿಂದೆ ನಿಲ್ಲಿಸಿ. ಜಾಕೆಟ್‌ನ ಹಿಂದಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕತ್ತಿನ ಕಡೆಗೆ ಜೋರಾಗಿ ಎಳೆಯಲು ಹೇಳಿ. ರಸ್ತೆಯಲ್ಲಿ ಜಾರಿದಾಗ ಡಾಂಬರು ಮಾಡುವುದು ಇದನ್ನೇ. ಅಂಚು ಪ್ಯಾಂಟಿನ ಬೆಲ್ಟ್ ದಾಟಿ ಮೇಲೆ ಹೋಗಿ ಬೆನ್ನು ಕಂಡರೆ ಇನ್ನೊಂದು ಬಟನ್ ಬಿಗಿ ಮಾಡಿ ಮತ್ತೆ ನೋಡಿ. ಆಗಲೂ ಮೇಲೆ ಹೋದರೆ ಜಾಕೆಟ್ ಗಿಡ್ಡ, ಬೇರೆಯದು ನೋಡಿ. ಹಿಂದಿನ ಅಂಚಿನ ಒಳಗೆ ಪ್ಯಾಂಟಿಗೆ ಸೇರಿಸುವ ಜಿಪ್ಪೋ ಜೀನ್ಸಿನ ಬೆಲ್ಟಿಗೆ ಸಿಕ್ಕಿಸುವ ಲೂಪೋ ಇದ್ದರೆ ಬಹಳ ಒಳ್ಳೆಯದು. ಪಕ್ಕದ ಪಟ್ಟಿ ಮಾಡಲಾಗದ ಕೆಲಸವನ್ನು ಅದು ಮಾಡುತ್ತದೆ.

ಕೊನೆಗೆ ಪಟ್ಟಿಯ ಲೋಹ ಮೈಮೇಲೆ ಎಲ್ಲಿ ಬರುತ್ತದೆ ಎಂದು ಕೈಯಿಂದ ಮುಟ್ಟಿ ನೋಡಿ. ಪಕ್ಕಕ್ಕೆ ಬಿದ್ದರೆ ಮೊದಲು ನೆಲಕ್ಕೆ ತಾಗುವುದರಲ್ಲಿ ಸೊಂಟದ ಮೂಳೆಯೂ ಒಂದು. ಬಕಲ್ ಅದರ ಮೇಲೇ ಕೂತರೆ ಆ ಜಾಕೆಟ್ ನನಗಂತೂ ಬೇಡ. ಮೂಳೆಗಿಂತ ನಾಲ್ಕು ಬೆರಳು ಮೇಲೆ, ಸ್ವಲ್ಪ ಹಿಂದಕ್ಕೆ ಇರಬೇಕು. ಬ್ಯಾಗ್ ಹಾಕುವವರು ಅದನ್ನೂ ಹಾಕಿಕೊಂಡು ನೋಡಿ, ಬ್ಯಾಗಿನ ಸೊಂಟಪಟ್ಟಿ ಬಕಲ್ ಮೇಲೆ ಕೂತರೆ ಮಣಿಪಾಲದಿಂದ ಕಾಪು ಮುಟ್ಟುವುದರೊಳಗೆ ನೋವು ಶುರುವಾಗುತ್ತದೆ. ಒಳಗಿನ ಪ್ಯಾಡುಗಳ ಮೇಲೆ ಇಎನ್ 1621 (EN 1621, ಬೈಕ್ ಸವಾರರ ರಕ್ಷಣೆಯ ಪ್ಯಾಡುಗಳಿಗೆ ಯುರೋಪಿನ ಮಾನದಂಡ) ಎಂಬ ಗುರುತು ಇದೆಯೇ ಎಂದೂ ನೋಡಿಬಿಡಿ. ಇಲ್ಲದಿದ್ದರೆ ಅದು ಬರೀ ಸ್ಪಂಜು ಇರಬಹುದು.

ಹೆಜ್ಜೆ 5: ಬದಲಿಸುವುದಿದ್ದರೆ

ಜಾಕೆಟ್ ಚೆನ್ನಾಗಿದೆ, ಬಕಲ್ ಮಾತ್ರ ಕಬ್ಬಿಣ ಎಂದಾದರೆ ಬ್ಯಾಗ್ ರಿಪೇರಿ ಮಾಡುವವರ ಹತ್ತಿರ ಹಿತ್ತಾಳೆಯದ್ದು ಹಾಕಿಸಿ, ನೈಲಾನ್ ದಾರದಲ್ಲಿ ಹೊಲಿಸಿ. ಗಮ್ ಹಾಕಿ ಅಂಟಿಸಲು ಬಿಡಬೇಡಿ. ಹೊಸ ತೂತು ಬೇಕಿದ್ದರೆ ಪಂಚ್‌ನಲ್ಲಿ ಗುಂಡಗೆ ಹೊಡೆಸಿ. ಚಾಕುವಿನಲ್ಲಿ ಸೀಳಿದರೆ ಅಲ್ಲಿಂದಲೇ ಹರಿಯುತ್ತದೆ. ಮೊಳೆ ಕಾಯಿಸಿ ಚುಚ್ಚಿದರೆ ಸುತ್ತಲಿನ ಚರ್ಮ ಸುಟ್ಟು ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಹೆಜ್ಜೆ 6: ಮಳೆಗಾಲಕ್ಕೆ ಎತ್ತಿಡುವಾಗ

ಜೂನ್ ಬರುವ ಮೊದಲು ಪಟ್ಟಿಗಳನ್ನೆಲ್ಲ ಬಿಚ್ಚಿ, ದಪ್ಪ ಹ್ಯಾಂಗರ್‌ಗೆ ಹಾಕಿ, ಗಾಳಿಯಾಡುವ ಕಡೆ ತೂಗುಹಾಕಿ. ಬಿಗಿದೇ ಇಟ್ಟರೆ ಮಡಿಕೆಯಲ್ಲಿ ಬೂಸ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರ್ ಹಾಕಬೇಡಿ. ತೆಂಗಿನೆಣ್ಣೆಯನ್ನೂ ಹಚ್ಚಬೇಡಿ, ಪಟ್ಟಿ ಮೆತ್ತಗಾಗಿ ತೂತು ಹಿಗ್ಗುತ್ತದೆ, ಬೂಸ್ಟು ಇನ್ನೂ ಜಾಸ್ತಿಯಾಗುತ್ತದೆ. ಹಿತ್ತಾಳೆ ಬಕಲ್ ಚರ್ಮಕ್ಕೆ ತಾಗುವಲ್ಲಿ ಹಸಿರು ಕಿಲುಬು ಬಂದರೆ ಒಣ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ. ದೀಪ ತಿಕ್ಕುವ ಹುಣಸೆಹುಳಿಯನ್ನು ಅದರ ಹತ್ತಿರ ತರಬೇಡಿ, ಹುಳಿ ಚರ್ಮಕ್ಕೆ ಇಳಿದರೆ ಆ ಜಾಗ ಕಪ್ಪಾಗಿ ಬಿರುಸಾಗುತ್ತದೆ. ಎರಡು ವಾರಕ್ಕೊಮ್ಮೆ ಪ್ರೆಸ್ ಬಟನ್‌ಗಳನ್ನು ನಾಲ್ಕೈದು ಸಲ ಹಾಕಿ ತೆಗೆಯಿರಿ. ಒಳಗಿನ ಸ್ಪ್ರಿಂಗ್ ಹಿಡಿದುಕೊಂಡರೆ ಅಕ್ಟೋಬರ್‌ನಲ್ಲಿ ಬಿಚ್ಚುವಾಗ ಚರ್ಮವೇ ಹರಿದು ಬರುತ್ತದೆ.