ಕ್ಲೌಡ್ ಮಾರುಕಟ್ಟೆಗೆ ಬ್ಲಾಕ್‌ಚೈನ್ ಇಮೇಜ್ ಏರಿಸುವ ಮೊದಲು: ಲೈಸೆನ್ಸ್, ಹಕ್ಕುಪತ್ರ, ಹೆಸರು

ಅಡಿಕೆ, ಕಾಳುಮೆಣಸು ಯಾವ ತೋಟದಿಂದ ಬಂತೆಂದು ದಾಖಲಿಸುವ ಬ್ಲಾಕ್‌ಚೈನ್ (ಹಲವು ಕಂಪ್ಯೂಟರುಗಳಲ್ಲಿ ಹಂಚಿಟ್ಟ, ಸುಲಭವಾಗಿ ತಿದ್ದಲಾಗದ ದಾಖಲೆ ಪುಸ್ತಕ) ತಂತ್ರಾಂಶವೊಂದನ್ನು ಶಿರಸಿಯ ಪುಟ್ಟ ತಂಡ ಸಿದ್ಧ ಮಾಡಿದೆ, ಅದನ್ನು ಅಮೆಜಾನಿನ ಎಡಬ್ಲ್ಯೂಎಸ್ ಇಲ್ಲವೇ ಮೈಕ್ರೋಸಾಫ್ಟಿನ ಅಜೂರ್ ಕ್ಲೌಡಿನ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟಕ್ಕಿಡಬೇಕು ಎಂದಿಟ್ಟುಕೊಳ್ಳಿ. ಒಳಗಿರುವುದು ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಎಂಬ ಮುಕ್ತ ಬ್ಲಾಕ್‌ಚೈನ್ ತಂತ್ರಾಂಶ, ಅದರ ಲೈಸೆನ್ಸ್ ಹೆಚ್ಚು ನಿರ್ಬಂಧವಿಲ್ಲದ ಅಪಾಚೆ 2.0, ಮತ್ತೇನು ತೊಂದರೆ ಎಂದು ಸುಮ್ಮನಾಗುವವರೇ ಹೆಚ್ಚು. ಎಡವುವುದು ಇಲ್ಲೇ. ಗ್ರಾಹಕರ ಖಾತೆಗೆ ಹೋಗುವುದು ಫ್ಯಾಬ್ರಿಕ್ ಒಂದೇ ಅಲ್ಲ, ಇಡೀ ಡಿಸ್ಕ್ ಇಮೇಜ್, ಅಂದರೆ ಆಪರೇಟಿಂಗ್ ಸಿಸ್ಟಮ್ ಸಮೇತ ಎಲ್ಲ ತಂತ್ರಾಂಶ ತುಂಬಿದ ಡಿಸ್ಕಿನ ಪಡಿಯಚ್ಚು. ಅದರಲ್ಲಿರುವ ಪ್ರತಿಯೊಂದು ಕಡತವನ್ನೂ ಹಂಚಿದವರು ನೀವೇ ಆಗುತ್ತೀರಿ. ಚೀಲದ ಮೇಲೆ ಚಾಲಿ ಎಂದು ಬರೆದ ಮಾತ್ರಕ್ಕೆ ಒಳಗಿನ ಅಡಿಕೆ ನೋಡದೆ ಯಾರೂ ಟೆಂಡರ್ ಹಾಕುವುದಿಲ್ಲವಲ್ಲ, ಇಮೇಜಿನ ವಿಷಯವೂ ಹಾಗೇ.

ಮೊದಲ ಕೆಲಸ ಪಟ್ಟಿ ಮಾಡುವುದು. ಒಳಗಿರುವ ತಂತ್ರಾಂಶಗಳನ್ನು ಹುಡುಕಿ ಪಟ್ಟಿ ಮಾಡುವ ಸಿಫ್ಟ್ ಉಪಕರಣವನ್ನು ಕೊನೆಯ ಇಮೇಜಿನ ಮೇಲೆ ಓಡಿಸಿ, ಎಸ್‌ಪಿಡಿಎಕ್ಸ್ ಎಂಬ ಪ್ರಮಾಣಿತ ರೂಪದಲ್ಲಿ ಪಟ್ಟಿ ತೆಗೆಯಿರಿ. ಸೋರ್ಸ್ (ಮೂಲ ಕೋಡ್) ಫೋಲ್ಡರಿನ ಮೇಲೆ ಓಡಿಸಿದರೆ, ನೀವು ಅಡಿಪಾಯವಾಗಿ ತೆಗೆದುಕೊಂಡ ಸಿದ್ಧ ಬೇಸ್ ಇಮೇಜಿನಿಂದ ಬಂದದ್ದು ಕಾಣುವುದೇ ಇಲ್ಲ. ಕಂಟೇನರ್ (ತಂತ್ರಾಂಶವನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಕಟ್ಟಿದ ಪೊಟ್ಟಣ) ಪದರ ಪದರವಾಗಿರುತ್ತದೆ. ಅದರ ಮೇಲಿನ ಲೇಯರ್‌ನಲ್ಲಿ ಅಳಿಸಿದ ಕಡತ ಕೆಳಗಿನ ಲೇಯರ್‌ನಲ್ಲಿ ಹಾಗೇ ಉಳಿದಿರುತ್ತದೆ, ಆದ್ದರಿಂದ ಎಲ್ಲ ಲೇಯರ್‌ಗಳನ್ನೂ ನೋಡುವಂತೆ ಹೇಳಿ. ಗೋ ಭಾಷೆಯ ಕೋಡಿಗೆ ಗೋ-ಲೈಸೆನ್ಸಸ್ ಎಂಬ ಉಪಕರಣವನ್ನು ಬೇರೆಯೇ ಓಡಿಸಬೇಕು. ಲೈಸೆನ್ಸ್ ಇಲ್ಲ ಎಂದು ಬಂದ ಲೈಬ್ರರಿ ಕಂಡರೆ ತೆಗೆದುಹಾಕಿ. ಲೈಸೆನ್ಸ್ ಇಲ್ಲವೆಂದರೆ ಬಳಸಲು ಅನುಮತಿಯೇ ಇಲ್ಲ ಎಂದರ್ಥ.

ಅಪಾಚೆ 2.0 ಕೇಳುವುದು ಕಡಿಮೆ: ಲೈಸೆನ್ಸಿನ ಪ್ರತಿ, ನೋಟಿಸ್ ಕಡತ, ನೀವು ತಿದ್ದಿದ ಕಡತಗಳಲ್ಲಿ ತಿದ್ದಿದ್ದೇವೆಂಬ ಸೂಚನೆ. ಬೇಸ್ ಇಮೇಜಾಗಿ ಆಲ್ಪೈನ್ ಎಂಬ ಪುಟ್ಟ ಲಿನಕ್ಸ್ ಬಳಸಿದ್ದರೆ, ಮೂಲ ಆಜ್ಞೆಗಳ ಕಟ್ಟಾದ ಬ್ಯುಸಿಬಾಕ್ಸ್ ಜೊತೆಗೇ ಬರುತ್ತದೆ, ಅದರ ಲೈಸೆನ್ಸ್ ಜಿಪಿಎಲ್ 2, ಅಂದರೆ ಹಂಚಿದರೆ ಸೋರ್ಸನ್ನೂ ಕೊಡಬೇಕೆನ್ನುವ ಲೈಸೆನ್ಸ್. ಅದೇ ಆವೃತ್ತಿಯ ಸೋರ್ಸ್ ಕೊಡಬೇಕು, ಇಲ್ಲವೇ ಕನಿಷ್ಠ 3 ವರ್ಷ ಕೊಡುತ್ತೇವೆಂದು ಲಿಖಿತವಾಗಿ ತಿಳಿಸಬೇಕು. ಮೂಲ ತಾಣದ ಕೊಂಡಿ ತೋರಿಸಿ ಕೈ ತೊಳೆದುಕೊಳ್ಳಬೇಡಿ. ಸೋರ್ಸ್ ಬಂಡಲನ್ನು ನಿಮ್ಮದೇ ಬಕೆಟ್‌ನಲ್ಲಿ (ಕ್ಲೌಡಿನ ಸಂಗ್ರಹ ಜಾಗದಲ್ಲಿ) ಇಡಿ.

ನೋಡ್ (ಬ್ಲಾಕ್‌ಚೈನ್ ಜಾಲದ ಒಂದೊಂದು ಕಂಪ್ಯೂಟರ್) ಮೇಲೆ ಕಣ್ಣಿಡಲು ಅಂಕಿಅಂಶವನ್ನು ನಕ್ಷೆಯಲ್ಲಿ ತೋರಿಸುವ ಗ್ರಾಫಾನಾ ಸೇರಿಸುವುದು ರೂಢಿ. 2021ರಿಂದ ಅದರ ಲೈಸೆನ್ಸ್ ಎಜಿಪಿಎಲ್ 3, ಜಿಪಿಎಲ್‌ನ ಇನ್ನಷ್ಟು ಬಿಗಿಯಾದ ರೂಪ. ಲಾಗಿನ್ ಪುಟದ ಲೋಗೋ ಬದಲಿಸಲು ಅದರ ಕೋಡ್ ತಿದ್ದಿದರೂ, ಜಾಲದ ಮೂಲಕ ಬಳಸುವವರಿಗೆಲ್ಲ ಆ ತಿದ್ದಿದ ಸೋರ್ಸ್ ಸಿಗುವಂತಿರಬೇಕು. ನಮ್ಮ ಸಲಹೆ: ಅದನ್ನು ಇಮೇಜಿನೊಳಗೆ ಇಡಲೇಬೇಡಿ, ಅಧಿಕೃತ ಇಮೇಜನ್ನು ಗ್ರಾಹಕರೇ ಇಳಿಸಿಕೊಳ್ಳಲಿ. ಫ್ಯಾಬ್ರಿಕ್ ಬಿಟ್ಟು ಇಥೀರಿಯಂ ಬ್ಲಾಕ್‌ಚೈನ್ ಕಡೆ ಹೋಗುವವರು, ಅದರ ನೋಡ್ ನಡೆಸುವ ಗೆಥ್ ತಂತ್ರಾಂಶದ ಲೈಬ್ರರಿ ಎಲ್‌ಜಿಪಿಎಲ್ 3 (ಜಿಪಿಎಲ್‌ನ ಸಡಿಲ ರೂಪ), ಅದರ ಆಜ್ಞಾ ಕಾರ್ಯಕ್ರಮಗಳು ಜಿಪಿಎಲ್ 3 ಎಂಬುದನ್ನು ಮರೆಯಬಾರದು. ನಿಮ್ಮ ಕೋಡನ್ನು ಮುಚ್ಚಿಡುವುದಿದ್ದರೆ ಅದೇ ಕೆಲಸ ಮಾಡುವ, ಅಪಾಚೆ ಲೈಸೆನ್ಸಿನ ಬೆಸು ತಂತ್ರಾಂಶ ಸುಲಭ.

ಮಾರಾಟದ ಒಪ್ಪಂದದಲ್ಲಿ "ನಕಲು ಮಾಡಬಾರದು, ಬಿಚ್ಚಿ ನೋಡಬಾರದು" ಎಂದು ಇಡೀ ಉತ್ಪನ್ನಕ್ಕೆ ಬರೆದರೆ ಅದು ಜಿಪಿಎಲ್‌ಗೆ ನೇರ ವಿರುದ್ಧ. ಮುಕ್ತ ತಂತ್ರಾಂಶದ ಭಾಗಗಳಿಗೆ ಅವುಗಳದ್ದೇ ಲೈಸೆನ್ಸ್ ಅನ್ವಯ ಎಂಬ ಸಾಲು ಸೇರಿಸಿ.

ಇನ್ನು ನಿಮ್ಮದೇ ಕೋಡು. ಅದು ನಿಜವಾಗಿ ನಿಮ್ಮದೇ? ಕೋಡಿನ ಬದಲಾವಣೆ ದಾಖಲಿಸುವ ಗಿಟ್‌ನಲ್ಲಿ ಶಾರ್ಟ್‌ಲಾಗ್ ಆಜ್ಞೆ ಕೊಟ್ಟು, ಬರೆದವರ ಹೆಸರು, ಇಮೇಲ್ ಮುದ್ರಿಸಿ. ಒಂದೊಂದು ಹೆಸರಿನ ಮುಂದೆ ನೇಮಕಾತಿ ಪತ್ರವೋ ಸಹಿಯಾದ ಹಕ್ಕು ವರ್ಗಾವಣೆ ಪತ್ರವೋ ಇದೆಯೇ ಎಂದು ಗುರುತು ಹಾಕುತ್ತ ಹೋಗಿ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ ಸಂಸ್ಥೆಯದು. ಕಾರವಾರದಿಂದ ಎರಡು ತಿಂಗಳು ಇಂಟರ್ನ್‌ಶಿಪ್‌ಗೆ ಬಂದ ವಿದ್ಯಾರ್ಥಿ, ರಾತ್ರಿ ಕೂತು ಚೈನ್‌ಕೋಡ್ (ಫ್ಯಾಬ್ರಿಕ್ ಒಳಗೆ ವ್ಯವಹಾರದ ನಿಯಮ ನಡೆಸುವ ಕೋಡ್) ಬರೆದುಕೊಟ್ಟ ಗೆಳೆಯ ನೌಕರರಲ್ಲ. ಹಣ ಕೊಟ್ಟಿದ್ದೇವೆ ಎಂದರೆ ಸಾಲದು, 19ನೇ ಕಲಮಿನ ಪ್ರಕಾರ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಹಕ್ಕು 5 ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನೀವು ಮಾರುವುದು ಹೊರದೇಶಗಳಿಗೂ. ಆದ್ದರಿಂದ "ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ" ಎಂಬ ಮಾತು ಪತ್ರದಲ್ಲಿ ಇರಲೇಬೇಕು. ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ ವರ್ಗಾವಣೆ ಬಿದ್ದುಹೋಗುವ ನಿಯಮವೂ ಇದೆ, ಅದು ಅನ್ವಯಿಸದೆಂದು ಸೇರಿಸಿ. ವಿದ್ಯಾರ್ಥಿ ಊರು ಬಿಟ್ಟ ಮೇಲೆ ಸಹಿ ಹುಡುಕಿಕೊಂಡು ಹೋಗುವುದಕ್ಕಿಂತ ಮೊದಲ ದಿನವೇ ಮಾಡಿಸಿಕೊಳ್ಳುವುದು ಲೇಸು.

ಕೊನೆಗೆ ಹೆಸರು. ಅಪಾಚೆ ಲೈಸೆನ್ಸಿನ 6ನೇ ಭಾಗದಂತೆ ಟ್ರೇಡ್‌ಮಾರ್ಕ್ ಹಕ್ಕು ಸಿಗುವುದಿಲ್ಲ. "ಹೈಪರ್‌ಲೆಡ್ಜರ್ ಅಡಿಕೆ" ಎಂದು ಹೆಸರಿಡಬೇಡಿ. ನಿಮ್ಮ ಹೆಸರು ಮೊದಲು, ನಂತರ "ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ಗಾಗಿ" ಎಂದಿರಲಿ. ಅವರ ಲೋಗೋ ಅನುಮತಿಯಿಲ್ಲದೆ ಬೇಡ. "ಶಿರಸಿ ಸುಪಾರಿ"ಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಅದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಳೆಗಾರರ ಸ್ವತ್ತು, ತಂತ್ರಾಂಶದ ಬ್ರ್ಯಾಂಡಾಗಿ ಬಳಸುವ ಆಸೆ ಬಿಡಿ. ಸ್ವಂತ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ 9 ಮತ್ತು 42ನೇ ವರ್ಗಗಳಲ್ಲಿ (ತಂತ್ರಾಂಶ, ತಂತ್ರಾಂಶ ಸೇವೆ) ನೋಂದಾಯಿಸಿ. ಆನ್‌ಲೈನ್ ಶುಲ್ಕ ಸ್ಟಾರ್ಟ್‌ಅಪ್, ಸಣ್ಣ ಉದ್ಯಮಕ್ಕೆ ವರ್ಗವೊಂದಕ್ಕೆ ₹4,500, ಉಳಿದ ಸಂಸ್ಥೆಗಳಿಗೆ ₹9,000. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ಹೊಸ ಆವೃತ್ತಿ ಏರಿಸುವಾಗಲೆಲ್ಲ ಪಟ್ಟಿ ಹೊಸದಾಗಿ ತೆಗೆಯಿರಿ. ದತ್ತಾಂಶ ಸಂಗ್ರಹಿಸುವ ತಂತ್ರಾಂಶಗಳಲ್ಲಿ ಮೊಂಗೊಡಿಬಿ 2018ರ ಅಕ್ಟೋಬರಿನಲ್ಲಿ ಎಜಿಪಿಎಲ್‌ಗಿಂತಲೂ ಬಿಗಿಯಾದ ಎಸ್‌ಎಸ್‌ಪಿಎಲ್ ಲೈಸೆನ್ಸಿಗೆ ಬದಲಾಯಿತು, ರೆಡಿಸ್ 2024ರ ಮಾರ್ಚ್‌ನಲ್ಲಿ ಸಡಿಲವಾದ ಬಿಎಸ್‌ಡಿ ಲೈಸೆನ್ಸ್ ಬಿಟ್ಟಿತು. ಇಮೇಜ್ ಕಟ್ಟಲು ಬರೆದ ಬಿಲ್ಡ್ ಕಡತದಲ್ಲಿ ಆವೃತ್ತಿಯ ಜಾಗದಲ್ಲಿ "ಲೇಟೆಸ್ಟ್" (ತೀರಾ ಹೊಸದು) ಎಂದಿದ್ದರೆ ಇಂಥ ಬದಲಾವಣೆ ನಿಮಗೆ ಗೊತ್ತಿಲ್ಲದೆ ಒಳಗೆ ಬರುತ್ತದೆ. ಆವೃತ್ತಿಯ ಸಂಖ್ಯೆಯನ್ನೇ ಬರೆಯಿರಿ.