ಮಾವಿನ ಹಣ್ಣಿಗೆ ಬೂಷ್ಟು ಬರೋಕ್ ಮುಂಚೆ ಬ್ಯಾಕ್ಟೀರಿಯಾ ಹಚ್ಚೋದು ಹೇಗೆ

ಮಾವಿನ ಕಾಯಿ ಹಣ್ಣಾಗ್ಲಿ ಅಂತ ಹುಲ್ಲಲ್ಲಿ ಅಡೆ ಹಾಕಿ ಐದನೇ ದಿನ ಹುಲ್ಲು ಸರಿಸಿ ನೋಡಿದ್ರೆ ಬಾದಾಮಿ ಮಾವಿನ ತೊಟ್ಟಿಂದ ಕೆಳಗಡೆಗೆ ಕಣ್ಣೀರು ಇಳಿದಂಗೆ ಕಪ್ಪು ಗೆರೆ, ಗೆರೆ ತುಂಬ ಸಾಸಿವೆ ಕಾಳಿನಷ್ಟು ಚುಕ್ಕಿ, ಇನ್ನೆರಡು ದಿನಕ್ಕೆ ಚುಕ್ಕಿ ಎಲ್ಲಾ ಕೂಡ್ಕೊಂಡು ಕುಳಿ ಬಿದ್ದಿರುತ್ತೆ. ಇದೇ ಚಿಬ್ಬು ರೋಗ, ಕೊಲೆಟೋಟ್ರೈಕಮ್ ಅನ್ನೋ ಶಿಲೀಂಧ್ರದ ಕೆಲಸ. ತೊಟ್ಟಿನ ಸುತ್ತ ಕಂದು ಉಂಗುರ ಶುರುವಾಗಿ ಕೆಳಗೆ ಹರಡಿದ್ರೆ ಅದು ತೊಟ್ಟು ಕೊಳೆ. ಶ್ರೀನಿವಾಸಪುರದ ಕಡೆ ತೋಟ ಇರೋರಿಗೆ ಇದನ್ನ ವಿವರಿಸೋದೇ ಬೇಡ, ಕೊಯ್ಲಿನ ಟೈಮಲ್ಲಿ ನಾಕು ಮಳೆ ಬಿದ್ರೆ ಸಾಕು.

ಇದಕ್ಕೆ ಬ್ಯಾಸಿಲಸ್ ಸಬ್ಟಿಲಿಸ್ ಅನ್ನೋ ಬ್ಯಾಕ್ಟೀರಿಯಾ ಬಳಸಬಹುದು. ಬಸ್ಸಲ್ಲಿ ಕಿಟಕಿಯಿಂದ ಸೀಟಿಗೆ ಟವೆಲ್ ಎಸೀತೀವಲ್ಲ, ಅದೇ ಲೆಕ್ಕ, ಸಿಪ್ಪೆ ಮೇಲಿನ ಸಣ್ಣ ಗಾಯಗಳಲ್ಲಿ ಇದು ಮೊದಲೇ ಕೂತ್ಕೊಂಡು ಅಲ್ಲಿ ಸಿಗೋ ಸಕ್ಕರೆ ತಿಂದು ಮುಗಿಸುತ್ತೆ, ಜೊತೆಗೆ ಇಟುರಿನ್, ಫೆಂಜೈಸಿನ್ ಅಂತ ಕೆಲವು ವಸ್ತು ಬಿಡುತ್ತೆ, ಅವು ಶಿಲೀಂಧ್ರದ ಪೊರೆನೇ ತೂತು ಮಾಡ್ತವೆ. ಹೊಸ ಐಡಿಯಾ ಏನಲ್ಲ, ಅಮೆರಿಕದಲ್ಲಿ 1995ರಲ್ಲೇ ಸ್ಯೂಡೋಮೊನಾಸ್ ಸಿರಿಂಜೆ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾನ ಸೇಬು, ಪೇರ್, ಕಿತ್ತಳೆ ಜಾತಿ ಹಣ್ಣಿಗೆ ಕೊಯ್ದ ಮೇಲೆ ಹಚ್ಚೋಕೆ ಪರ್ಮಿಷನ್ ಕೊಟ್ಟಿದ್ರು. ಆದ್ರೆ ಸೀಟಲ್ಲಿ ಆಗ್ಲೇ ಬೇರೆಯವನು ಕೂತಿದ್ರೆ ಟವೆಲ್ ಹಾಕಿ ಏನು ಪ್ರಯೋಜನ? ಚಿಬ್ಬು ರೋಗದಲ್ಲಿ ಎಡವಟ್ಟಾಗೋದು ಇಲ್ಲೇ, ಹೂವು, ಈಚು ಇದ್ದಾಗಲೇ ಅದು ಸಿಪ್ಪೆ ಒಳಗೆ ಸೇರಿ ಸುಮ್ನೆ ಮಲಗಿರುತ್ತೆ, ಹಣ್ಣಾಗೋವಾಗ ಏಳುತ್ತೆ. ಅದಕ್ಕೇ ಹೂ ಬಿಡೋ ಕಾಲದಿಂದ ತೋಟದಲ್ಲೇ ರೋಗ ಹತೋಟಿಲಿ ಇಟ್ಟಿರ್ಬೇಕು, ಕೊಯ್ದ ಮೇಲಿನ ಅದ್ದಾಟ ಒಂದನ್ನೇ ನಂಬಬೇಡಿ.

ಕೊಯ್ಯೋವಾಗ ಒಂದು ಸೆಂಟಿಮೀಟರ್ ತೊಟ್ಟು ಬಿಟ್ಟು ಕತ್ತರಿಸಿ, ಹಣ್ಣು ನೆಲಕ್ಕೆ ಬೀಳಿಸಬೇಡಿ, ಸೊನೆ ಸಿಪ್ಪೆಗೆ ಹತ್ತದಂಗೆ ತಲೆಕೆಳಗೆ ಮಾಡಿ ಸೋರಿಸಿ. ಆಮೇಲೆ ತೊಳೀರಿ. ತೊಳೆಯೋ ನೀರಿಗೆ ಕ್ಲೋರಿನ್ ಹಾಕಿದ್ರೆ ಬರೀ ನೀರಲ್ಲಿ ಇನ್ನೊಂದು ಸಲ ಜಾಲಿಸ್ಲೇಬೇಕು, ಇಲ್ಲಾಂದ್ರೆ ನೀವು ದುಡ್ಡು ಕೊಟ್ಟು ತಂದ ಬ್ಯಾಕ್ಟೀರಿಯಾನ ನೀವೇ ಸಾಯಿಸಿದಂಗೆ. ಸಾಧ್ಯ ಇದ್ರೆ 52 ಡಿಗ್ರಿ ಬಿಸಿನೀರಲ್ಲಿ 5ರಿಂದ 10 ನಿಮಿಷ ಅದ್ದಿ ಆರಿಸಿ, ಒಳಗೆ ಮಲಗಿರೋದಕ್ಕೆ ಪೆಟ್ಟು ಬೀಳೋದು ಇದರಿಂದಲೇ. ಥರ್ಮಾಮೀಟರ್ ಇಲ್ಲದೆ ಕೈ ಅಂದಾಜಲ್ಲಿ ಮಾಡೋಕೆ ಹೋಗ್ಬೇಡಿ, ಸಿಪ್ಪೆ ಬೆಂದು ಹೋಗುತ್ತೆ.

ಈಗ ದ್ರಾವಣ. ತುಂಬಾ ಜನ ಸೋಲೋದು ಇಲ್ಲೇ. ಪ್ಯಾಕೆಟ್ ಮೇಲೆ ಗ್ರಾಂಗೆ 10 ಕೋಟಿ ಬ್ಯಾಕ್ಟೀರಿಯಾ ಅಂತ ಇದೆ ಅಂದ್ಕೊಳ್ಳಿ (10ರ ಘಾತ 8 ಅಂತ ಬರೆದಿರ್ತಾರೆ), ಲೀಟರ್‌ಗೆ 10 ಗ್ರಾಂ ಹಾಕಿದ್ರೆ ಒಂದು ಎಂಎಲ್‌ಗೆ ಬರೋದು 10 ಲಕ್ಷ ಅಷ್ಟೇ. ಕೊಯ್ದ ಹಣ್ಣಿಗೆ ಬೇಕಾಗೋದು ಎಂಎಲ್‌ಗೆ ಒಂದು ಕೋಟಿಯಿಂದ 10 ಕೋಟಿ. ಹಾಗಂತ 100 ಗ್ರಾಂ ಪುಡಿ ಕಲಸಿದ್ರೆ ಹಣ್ಣೆಲ್ಲ ವಿಭೂತಿ ಬಳ್ಕೊಂಡಂಗೆ ಕಾಣುತ್ತೆ, ಮಂಡಿಲಿ ಯಾರೂ ಮುಟ್ಟಲ್ಲ. ಅದಕ್ಕೆ ಎಂಎಲ್‌ಗೆ 100 ಕೋಟಿ ಇರೋ ಲಿಕ್ವಿಡ್ ತಗೊಳ್ಳಿ, ಲೀಟರ್‌ಗೆ 10 ಎಂಎಲ್ ಹಾಕಿದ್ರೆ ಸರಿಯಾಗಿ ಒಂದು ಕೋಟಿ ಬರುತ್ತೆ. ಕೊಯ್ದ ಹಣ್ಣಿಗೆ ಬಳಸಬಹುದು ಅಂತ ಲೇಬಲ್ ಮೇಲೆ ಇದ್ಯಾ, ತಾರೀಖು ಮುಗಿದಿದ್ಯಾ, ಅಂಗಡಿಯವರು ಬಿಸಿಲಲ್ಲಿ ಇಟ್ಟಿದ್ರಾ, ಎಲ್ಲಾ ನೋಡಿ. ಬ್ಯಾಸಿಲಸ್ ಸ್ಪೋರ್ (ಬೀಜದ ತರ ಗಟ್ಟಿ ಕವಚ ಇರೋ ರೂಪ) ಕಟ್ಟುತ್ತೆ, ಸ್ವಲ್ಪ ತಡ್ಕೊಳ್ಳುತ್ತೆ, ಸ್ಯೂಡೋಮೊನಾಸ್‌ಗೆ ಆ ತಾಕತ್ತಿಲ್ಲ.

ನೀರು ಬೋರ್‌ವೆಲ್‌ದು ಇರ್ಲಿ. ನಾನು ಮೊದಲ ವರ್ಷ ಬೋರ್ಡೋ (ಮೈಲುತುತ್ತು, ಸುಣ್ಣದ ಔಷಧಿ) ಕಲಸಿದ್ದ ಡ್ರಮ್ಮನ್ನೇ ಒಂದು ಸಲ ನೀರಾಡಿಸಿ ಬಳಸಿಬಿಟ್ಟೆ, ತಳದಲ್ಲಿ ನೀಲಿ ಪಾಚಿ ತರ ತಾಮ್ರ ಅಂಟಿದ್ದು ಗೊತ್ತೇ ಆಗ್ಲಿಲ್ಲ, ಅದ್ದಿದ ಹಣ್ಣೂ ಅದ್ದದೇ ಇರೋ ಹಣ್ಣೂ ಒಂದೇ ತರ ಕೊಳೀತು. ತಾಮ್ರ ಬ್ಯಾಕ್ಟೀರಿಯಾಗೂ ವಿಷವೇ. ಈಗ ಅದ್ದೋಕೇ ಅಂತ ಬೇರೆ ಟಬ್ ಇದೆ, ಮನೇಲಿ ಯಾರಿಗೂ ಮುಟ್ಟೋಕೆ ಬಿಡಲ್ಲ.

ಕೊಯ್ದ ದಿನಾನೇ ಅದ್ದಿಬಿಡಿ, ಎರಡು ಮೂರು ನಿಮಿಷ, ತೊಟ್ಟಿನ ಗುಳಿಗೆ ನೀರು ಹೋಗೋ ಹಂಗೆ, ಮಧ್ಯೆ ಮಧ್ಯೆ ಕದಡ್ತಾ ಇರಿ ಯಾಕಂದ್ರೆ ಕೆಳಗೆ ಕೂತ್ಕೊಳ್ಳುತ್ತೆ. ನೆರಳಲ್ಲಿ ಗಾಳಿಗೆ ಪೂರ್ತಿ ಆರಿಸಿ, ಒದ್ದೆ ಹಣ್ಣು ಕ್ರೇಟಿಗೆ ತುಂಬಿದ್ರೆ ಬೂಷ್ಟನ್ನ ಕರೆದು ಕೂರಿಸಿದಂಗೆ. ಅಡೆಗೆ ಹೊಸ ಹುಲ್ಲು ಹಾಕಿ, ಹೋದ ವರ್ಷದ್ದು ಬೇಡ.

ಮೊದಲ ಸಲ ಎಲ್ಲಾ ಹಣ್ಣಿಗೂ ಮಾಡ್ಬೇಡಿ, ಒಂದೇ ಮರದ ಹಣ್ಣು ಎರಡು ಕ್ರೇಟ್ ತಗೊಂಡು ಒಂದನ್ನ ಮಾತ್ರ ಅದ್ದಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ದಿನಾ ಸಂಜೆ ಚುಕ್ಕಿ ಬಿದ್ದಿರೋದು ಎಣಿಸಿ ಬರೀರಿ. ಉಳಿದ ದ್ರಾವಣ ನಾಳೆಗೆ ಅಂತ ಇಡ್ಬೇಡಿ, ಹಣ್ಣಿನ ಕೊಳೆ ಎಲ್ಲಾ ಅದರಲ್ಲೇ ಇರುತ್ತೆ, ಮರದ ಬುಡಕ್ಕೆ ಸುರಿದು ಟಬ್ ಬೋರಲು ಹಾಕಿ.