ಬೆಕ್ಕಿಗೆ ಇನ್ಸುಲಿನ್: ಕೆಂಪು ಮುಚ್ಚಳವೋ, ಕಿತ್ತಳೆ ಮುಚ್ಚಳವೋ?

ನಾಲ್ಕು ಕಿಲೋ ತೂಗುವ ಬೆಕ್ಕಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಪಶುವೈದ್ಯರು ಹೆಚ್ಚಾಗಿ ಒಂದು ಯೂನಿಟ್ ಇನ್ಸುಲಿನ್‌ನಿಂದ ಶುರು ಮಾಡುತ್ತಾರೆ, 12 ಗಂಟೆಗೊಮ್ಮೆ. ಕಲಬುರಗಿಯ ಔಷಧದಂಗಡಿಯಲ್ಲಿ ಸಿಗುವ ಸಿರಿಂಜು, ಪೆನ್ನು, ಗ್ಲುಕೋಮೀಟರ್ ಎಲ್ಲವೂ ಮನುಷ್ಯರ ಅಳತೆಯವು. ದೊಡ್ಡವರಿಗೆ ಒಂದು ಯೂನಿಟ್ ಹೆಚ್ಚಾದರೆ ಗೊತ್ತೂ ಆಗಲಿಕ್ಕಿಲ್ಲ. ಬೆಕ್ಕಿಗೆ ಅದು ದುಪ್ಪಟ್ಟು ಡೋಸ್.

ಅಂಗಡಿಯಲ್ಲಿ ಮೊದಲು ಬಾಟಲಿಯ ಮೇಲಿನ ಸಂಖ್ಯೆ ಓದಿ. ಒಂದು ಮಿಲಿಲೀಟರಿಗೆ 40 ಯೂನಿಟ್ ಎಂದಿದ್ದರೆ ಕೆಂಪು ಮುಚ್ಚಳದ ಯು-40 ಸಿರಿಂಜು, 100 ಎಂದಿದ್ದರೆ ಕಿತ್ತಳೆ ಮುಚ್ಚಳದ ಯು-100 ಸಿರಿಂಜು. ನಮ್ಮಲ್ಲಿ ಹಳೆಯ ಬಗೆಯ ಇನ್ಸುಲಿನ್ ಬಾಟಲಿಗಳು ಹೆಚ್ಚಾಗಿ 40ರವು. ಬೆಕ್ಕುಗಳಿಗೆ ಈಗ ಹೆಚ್ಚು ಬರೆದುಕೊಡುವ ಗ್ಲಾರ್ಜಿನ್ ಎಂಬ ಇನ್ಸುಲಿನ್ ಸಾಮಾನ್ಯವಾಗಿ 100ರದು. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನ ಒಂದನೇ ಗೆರೆಗೆ ಎಳೆದರೆ ಒಳಗೆ ಹೋಗುವುದು ಎರಡೂವರೆ ಯೂನಿಟ್. ತಿರುಗುಮುರುಗಾದರೆ ಬರೀ 0.4 ಯೂನಿಟ್; ಆಗ ‘ಔಷಧ ಹಿಡಿಯುತ್ತಿಲ್ಲ’ ಎಂದು ಡೋಸ್ ಏರಿಸುವ ಇನ್ನೊಂದು ತಪ್ಪಿಗೆ ದಾರಿ. ಅಂಗಡಿಯವರು ‘ಎರಡೂ ಒಂದೇ’ ಎಂದರೆ ಬೇರೆ ಅಂಗಡಿಗೆ ಹೋಗಿ. ಅರ್ಧ ಯೂನಿಟ್ ಗೆರೆಗಳಿರುವ 0.3 ಮಿಲಿಲೀಟರ್ ಸಿರಿಂಜು ಸಿಕ್ಕರೆ ಬಿಡಬೇಡಿ.

ಇನ್ನು ಬಿಸಿಲು. ಏಪ್ರಿಲ್–ಮೇ ತಿಂಗಳಲ್ಲಿ ಪಾರಾ 42 ಡಿಗ್ರಿ ದಾಟುವ ಊರಿದು. ಇನ್ಸುಲಿನ್ ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇರಲಿ. ಐಸ್ ಗೂಡಿಗೆ ತಾಗಿ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ. ಊರಿನ ಸೂಪರ್ ಮಾರ್ಕೆಟ್ ಪೇಟೆಯ ಔಷಧದಂಗಡಿಯಿಂದ ಮನೆಗೆ ಬೈಕಿನ ಡಿಕ್ಕಿಯಲ್ಲಿ ತರಬೇಡಿ, ಅದು ಒಲೆಯೇ ಸರಿ. ಗಂಟೆಗಟ್ಟಲೆ ಕರೆಂಟ್ ಹೋದಾಗ ಬಾಟಲಿಯನ್ನು ನೀರು ಹೋಗದ ಡಬ್ಬಿಯಲ್ಲಿಟ್ಟು, ತಳದಲ್ಲಿ ನೀರಿರುವ ಮಣ್ಣಿನ ಗಡಿಗೆಯೊಳಗೆ ನೆರಳಿನಲ್ಲಿಡಿ. ಗ್ಲಾರ್ಜಿನ್ ತಿಳಿನೀರಿನಂತಿರಬೇಕು, ಮಬ್ಬಾದರೆ ಎಸೆಯಿರಿ.

ಹೊತ್ತು ಗೊತ್ತು ಮಾಡಿಕೊಳ್ಳಿ, ಬೆಳಿಗ್ಗೆ 7, ಸಂಜೆ 7. ಮೊದಲು ಊಟ ಇಡಿ. ಎಂದಿನಂತೆ ತಿಂದರೆ ಮಾತ್ರ ಸೂಜಿ. ಮೂಸಿ ನೋಡಿ ಹೊರಳಿ ಮಲಗಿದರೆ ಅಥವಾ ವಾಂತಿ ಮಾಡಿದರೆ ವೈದ್ಯರನ್ನು ಕೇಳದೆ ಚುಚ್ಚಬೇಡಿ.

ಬೆರಳಿನಲ್ಲಿ ತಟ್ಟಿ ಸಿರಿಂಜಿನ ಗುಳ್ಳೆ ತೆಗೆಯಿರಿ. ಗುಳ್ಳೆಯಿಂದ ಬೆಕ್ಕಿಗೆ ಅಪಾಯವಿಲ್ಲ, ಆದರೆ ಇಷ್ಟು ಸಣ್ಣ ಡೋಸಿನಲ್ಲಿ ಒಂದು ಗುಳ್ಳೆ ಎಂದರೆ ಕಾಲು ಭಾಗ ಔಷಧ ಹೋದಂತೆ. ಪಕ್ಕೆಯ ಚರ್ಮವನ್ನು ಮೆಲ್ಲಗೆ ಎತ್ತಿ ಹಿಡಿದು, ಡೇರೆಯಂತೆ ಎದ್ದ ಜಾಗದ ಬುಡಕ್ಕೆ ಓರೆಯಾಗಿ ಚುಚ್ಚಿ. ಕತ್ತಿನ ಹಿಂಬದಿಗಿಂತ ಪಕ್ಕೆಯಲ್ಲಿ ಔಷಧ ಚೆನ್ನಾಗಿ ಹೀರಿಕೊಳ್ಳುತ್ತದೆ. ದಿನಕ್ಕೊಂದು ಜಾಗ ಬದಲಿಸಿ. ಸೂಜಿ ಆ ಬದಿಯಿಂದ ಹೊರಬಂದಿದ್ದರೆ ರೋಮ ಒದ್ದೆಯಾಗಿ ಡೆಟ್ಟಾಲ್‌ನಂಥ ವಾಸನೆ ಬರುತ್ತದೆ. ಎಷ್ಟು ಒಳಹೋಯಿತು ಎಂಬ ಅನುಮಾನವಿದ್ದರೆ ಇನ್ನೊಮ್ಮೆ ಕೊಡಬೇಡಿ. ಶರಣಬಸವೇಶ್ವರ ಜಾತ್ರೆಗೆ ಹೋಗಿ ಡೋಸೇ ತಪ್ಪಿತೆನ್ನಿ, ಆಗಲೂ ಮುಂದಿನದನ್ನು ಅದರ ಹೊತ್ತಿಗೆ ಅಷ್ಟೇ ಕೊಡಿ. ಒಂದು ಹೊತ್ತು ಸಕ್ಕರೆ ಏರಿದರೆ ಬೆಕ್ಕು ತಡೆದುಕೊಳ್ಳುತ್ತದೆ, ಎರಡು ಡೋಸ್ ಒಟ್ಟಿಗೆ ಬಿದ್ದರೆ ಜೀವಕ್ಕೇ ಕುತ್ತು.

ಸಕ್ಕರೆ ನೋಡಲು ಕಿವಿಯ ಅಂಚು ಸಾಕು. ಬೆಚ್ಚನೆಯ ಬಟ್ಟೆ ಒತ್ತಿ, ತೆಳುವಾಗಿ ವ್ಯಾಸಲೀನ್ ಸವರಿದರೆ ರಕ್ತ ರೋಮಕ್ಕೆ ಹರಡದೆ ಹನಿಯಾಗಿ ನಿಲ್ಲುತ್ತದೆ. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಇರುವುದಕ್ಕಿಂತ ಸ್ವಲ್ಪ ಕಡಿಮೆ ತೋರಿಸುವುದೇ ಹೆಚ್ಚು. ಗಾಡಿಯಲ್ಲಿ ಒಯ್ದು ಆಸ್ಪತ್ರೆಯಲ್ಲಿ ನೋಡಿದ ಸಂಖ್ಯೆ ಇನ್ನೊಂದು ಥರದ ಮೋಸ. ಹೆದರಿಕೆಗೇ ಬೆಕ್ಕಿನ ಸಕ್ಕರೆ 300ರವರೆಗೆ ಹಾರುತ್ತದೆ. ಮನೆಯ ಲೆಕ್ಕ ಅದಕ್ಕೇ ಬೆಲೆಯುಳ್ಳದ್ದು: ಸಂಖ್ಯೆ, ಹೊತ್ತು, ತಿಂದದ್ದು, ಕುಡಿದ ನೀರು, ವಾರಕ್ಕೊಮ್ಮೆ ತೂಕ. ಹೊಸಬರು ಡೋಸಿಗೆ ಮುಂಚೆ 200ಕ್ಕಿಂತ ಕೆಳಗೆ ಕಂಡರೆ ಫೋನ್ ಮಾಡಿ ಕೇಳಿಯೇ ಮುಂದುವರಿಯಬೇಕು. ದಿನಕ್ಕೊಂದು ಸಂಖ್ಯೆ ನೋಡಿ ತಾವೇ ಡೋಸ್ ಏರಿಳಿಸುವ ಚಾಳಿ ಬೇಡ. ಬೀದರ್‌ನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುವವರೂ ಈ ಲೆಕ್ಕದ ವಹಿ ಒಯ್ಯಿರಿ.

ಹಾಲಿನಲ್ಲಿ ಕಿವುಚಿದ ಜೋಳದ ರೊಟ್ಟಿ, ಅನ್ನ ತಿಂದು ಬೆಳೆದ ಬೆಕ್ಕಿಗೆ ಕೋಳಿ, ಮೊಟ್ಟೆಯಂಥ ಪಿಷ್ಟವಿಲ್ಲದ ಆಹಾರ ಒಳ್ಳೆಯದು. ಆದರೆ ದಿಢೀರನೆ ಬದಲಿಸಿ ಡೋಸ್ ಹಾಗೇ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಮೊದಲು ವೈದ್ಯರಿಗೆ ತಿಳಿಸಿ. ಮೊದಲ ಕೆಲವು ತಿಂಗಳಲ್ಲಿ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುವುದೂ ಉಂಟು, ಆಗ ಹಳೆಯ ಡೋಸೇ ವಿಷ.

ಸಕ್ಕರೆ 60ಕ್ಕಿಂತ ಇಳಿದರೆ ಬೆಕ್ಕು ತೂರಾಡುತ್ತದೆ, ಕರೆದರೆ ಓಗೊಡುವುದಿಲ್ಲ, ಫಿಟ್ಸ್ ಬರಬಹುದು. ನುಂಗುವಷ್ಟು ಎಚ್ಚರವಿದ್ದರೆ ಊಟ ಇಡಿ. ಇಲ್ಲವಾದರೆ ಅರ್ಧ ಚಮಚ ಜೇನನ್ನೋ ಗ್ಲೂಕೋಸ್ ಪುಡಿ ಕಲಸಿದ ಪಾಕವನ್ನೋ ವಸಡಿಗೆ ಸವರಿ. ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಫಿಟ್ಸ್ ಇರುವಾಗ ಹಲ್ಲಿನ ನಡುವೆ ಬೆರಳು ಬೇಡ. ಎದ್ದು ಓಡಾಡಿದರೂ ಆಸ್ಪತ್ರೆಗೆ ಒಯ್ಯಿರಿ: ಜೇನಿನ ಸಕ್ಕರೆ ಬೇಗ ಕರಗುತ್ತದೆ, ಇನ್ಸುಲಿನ್ ಇನ್ನೂ ಹಲವು ಗಂಟೆ ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ.